ಪಾಳಿ ಮುಗಿಸಿ ವೇದಿಕೆ ಏರುವವರಿಗೆ

ಹೊಸೂರಿಗೆ ಅಂಟಿಕೊಂಡೇ ಬೆಳೆದಿರುವ ಆಲಸನತ್ತಂನಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುತ್ತವೆ. ಒಂದೇ ವಠಾರದಲ್ಲಿ ಮೂರು ಪಾಳಿಯ ಜನ ಇರುತ್ತಾರೆ. ಫಸ್ಟ್ ಶಿಫ್ಟಿನವರು ಗಾಡಿ ಹೊರತೆಗೆಯುವ ಹೊತ್ತಿಗೆ ನೈಟ್ ಶಿಫ್ಟಿನವರು ಮನೆಗೆ ಬಂದು ಕಿಟಕಿ ಮುಚ್ಚಿ ಮಲಗುವ ತಯಾರಿಯಲ್ಲಿರುತ್ತಾರೆ. ಕೆಲವರದು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆ ಕೆಲಸ. ಇನ್ನು ಕೆಲವರು ಬಸ್ಸು ಹಿಡಿದು ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುವವರು.

ಇವರಲ್ಲೇ ಒಂದಷ್ಟು ಮಂದಿ ವಾರದ ಕೊನೆಗೆ ಬೇರೆಯೇ ಮನುಷ್ಯರಾಗುತ್ತಾರೆ. ಗಣೇಶನ ಹಬ್ಬ ಬಂತೆಂದರೆ ರಸಮಂಜರಿ ತಂಡದಲ್ಲಿ ಕೀಬೋರ್ಡ್, ರಿದಂ ಪ್ಯಾಡ್, ಗಿಟಾರ್. ನವೆಂಬರ್ ಬಂತೆಂದರೆ ಆನೇಕಲ್, ಚಂದಾಪುರದ ಕಡೆಯ ರಾಜ್ಯೋತ್ಸವದ ವೇದಿಕೆಗಳು. ಧನುರ್ಮಾಸದಲ್ಲಿ ನಸುಕಿಗೇ ಭಜನೆ, ಅಲ್ಲಿ ಹಾರ್ಮೋನಿಯಂ, ತಬಲ. ಫಾಲ್ಗುಣದಲ್ಲಿ ಬೆಟ್ಟದ ಚಂದ್ರಚೂಡೇಶ್ವರನ ತೇರು, ಅದಕ್ಕೆ ನಾದಸ್ವರ, ಡೋಲು, ತಮಟೆ. ಈ ಸೀಮೆಯಲ್ಲಿ ನುಡಿಸುವವರಿಗೆ ಮೂರು ಭಾಷೆಯ ಹಾಡುಗಳೂ ಬೆರಳ ತುದಿಯಲ್ಲಿರಬೇಕು.

ಇವರಿಗಾಗಿ ಈ ಲೇಖನ. ನಾನು ಹೇಳಬೇಕಾದ ಮುಖ್ಯ ಮಾತು ಒಂದೇ: ವೇದಿಕೆಯ ಮೇಲೆ ನುಡಿಸುವುದು ಮೈ ದುಡಿಮೆ. ಆ ದುಡಿಮೆಯ ಲೆಕ್ಕ ಸೋಮವಾರದಿಂದಲೇ ಶುರುವಾಗುತ್ತದೆ. ಮಷಿನ್ ಸದ್ದು, ಕುರ್ಚಿ, ಬಸ್ಸಿನ ಸೀಟು, ನಿದ್ದೆಗೆಟ್ಟ ರಾತ್ರಿ ಎಲ್ಲವೂ ಆ ಲೆಕ್ಕದೊಳಗೇ ಬರುತ್ತವೆ. ‘ಕೆಲಸದ ಸುಸ್ತೇ ಬೇರೆ, ಸಂಗೀತದ ಖುಷಿಯೇ ಬೇರೆ’ ಎಂದುಕೊಳ್ಳುತ್ತೇವೆ. ಮೈಗೆ ಆ ಭೇದ ಗೊತ್ತಿಲ್ಲ.

ನೌಕರಿಯೂ ಸಂಗೀತವೂ ಒಟ್ಟಿಗೆ ಆಗದು ಎನ್ನುವವರಿಗೆ ಮೊದಲು ಎರಡು ಹೆಸರು ನೆನಪಿಸುತ್ತೇನೆ. ಸುಗಮ ಸಂಗೀತದ ಸಿ. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ, 27 ವರ್ಷ ಕೆಲಸ ಮಾಡಿದವರು. ಇಡೀ ಕರ್ನಾಟಕ ಅವರ ದನಿಯನ್ನು ಗುರುತು ಹಿಡಿಯುವಂತಾದದ್ದು ಆ ನೌಕರಿಯ ಜೊತೆಜೊತೆಯಲ್ಲೇ. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದವರು. ಹಾಗಾಗಿ ನಿಮ್ಮ ಹಾದಿ ಹೊಸದೇನಲ್ಲ. ಆದರೆ ಅವರ ಕಾಲದ ವೇದಿಕೆಗೂ ಇಂದಿನ ವೇದಿಕೆಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದು ಸದ್ದು. ಅಲ್ಲಿಂದಲೇ ಶುರು ಮಾಡೋಣ.

ಕಿವಿ: ಹಗಲಿನ ಸದ್ದು, ರಾತ್ರಿಯ ಸದ್ದು ಕೂಡಿದಾಗ

ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳಿವೆ. ಚರ್ಮ, ಮೂಳೆ ಗಾಯವಾದರೆ ಮತ್ತೆ ಕೂಡಿಕೊಳ್ಳುತ್ತವೆ. ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಂಗೀತಗಾರನಿಗೆ ಕೈಗಿಂತ ಮೊದಲು ಕಿವಿಯೇ ಆಸ್ತಿ. ಆದರೂ ನಾವು ಕೈಗೆ ಎಣ್ಣೆ ಹಚ್ಚುತ್ತೇವೆ, ಕಿವಿಯ ಕಡೆ ನೋಡುವುದೇ ಇಲ್ಲ.

ಸದ್ದಿನ ಲೆಕ್ಕ ಹೀಗಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಎನ್‌ಐಒಎಸ್‌ಎಚ್ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್ ಏರಿದಂತೆ ಕಾಲಾವಧಿ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ. 100 ಡೆಸಿಬಲ್ ಆದರೆ ಬರೀ ಹದಿನೈದು ನಿಮಿಷ. ನಮ್ಮ ದೇಶದ ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90 ಡೆಸಿಬಲ್‌ವರೆಗೆ ಬಿಡುತ್ತವೆ. ಕಿವಿ ಉಳಿಸಿಕೊಳ್ಳಬೇಕೆಂದಿರುವ ಸಂಗೀತಗಾರ ಮೊದಲಿನ, ಬಿಗಿಯಾದ ಲೆಕ್ಕವನ್ನೇ ಪಾಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನಮ್ಮ ಕಡೆಯ ಒಂದು ಶನಿವಾರ ನೆನೆಯಿರಿ. ಬೆಳಗಿನ ಪಾಳಿಯಲ್ಲಿ ಪ್ರೆಸ್ ಷಾಪಿನಲ್ಲಿ ಎಂಟು ಗಂಟೆ. ಸಂಜೆ ವೇದಿಕೆಯಲ್ಲಿ ಡ್ರಮ್ಸ್ ಪಕ್ಕ, ಮಾನಿಟರ್ ಸ್ಪೀಕರ್ ಎದುರು ಮೂರು ಗಂಟೆ. ಹಗಲಿನ ಪಾಲನ್ನು ಕಾರ್ಖಾನೆಯೇ ಮುಗಿಸಿಬಿಟ್ಟಿರುತ್ತದೆ. ರಾತ್ರಿ ನುಡಿಸುವುದೆಲ್ಲ ಸಾಲದ ಮೇಲಿನ ಸಾಲ. ಕಾರ್ಯಕ್ರಮ ಮುಗಿದ ಮೇಲೆ ಕಿವಿಯಲ್ಲಿ ‘ಕುಂಯ್’ ಎನ್ನುವುದು, ಎದುರಿನವರ ಮಾತು ಹತ್ತಿ ತುರುಕಿದಂತೆ ಕೇಳುವುದು ಕಿವಿಗೆ ಪೆಟ್ಟು ಬಿದ್ದಿದೆ ಎನ್ನುವುದರ ಗುರುತು. ಮರುದಿನ ಸರಿಹೋಯಿತು ಎಂದ ಮಾತ್ರಕ್ಕೆ ಏನೂ ಆಗಿಲ್ಲ ಎಂದಲ್ಲ. ಪದೇ ಪದೇ ಹೀಗಾದರೆ ಒಂದು ದಿನ ಆ ಸದ್ದು ಹೋಗದೆ ಉಳಿಯುತ್ತದೆ. ಕಿವಿ ಕೆಡಲು ಶುರುವಾಗುವುದು ಸಾಮಾನ್ಯವಾಗಿ ಮೇಲಿನ ಶ್ರುತಿಯ ಕಡೆಯಿಂದ. ತಾಳದ ಚಿಣ್ಣನೆಯ ದನಿ, ಕೊಳಲಿನ ಮೇಲಿನ ಸ್ಥಾಯಿ, ಮಾತಿನಲ್ಲಿ ‘ಸ’, ‘ಶ’ ಅಕ್ಷರಗಳು ಮೊದಲು ಮಸುಕಾಗುತ್ತವೆ.

ಪರಿಹಾರ ದುಬಾರಿಯದಲ್ಲ. ಕಾರ್ಖಾನೆಯಲ್ಲಿ ಕೊಡುವ ಇಯರ್‌ಪ್ಲಗ್ಗನ್ನು ಸೂಪರ್‌ವೈಸರ್ ನೋಡುವಾಗ ಮಾತ್ರವಲ್ಲ, ಪಾಳಿ ಪೂರ್ತಿ ಹಾಕಿಕೊಳ್ಳಿ. ಅದೇ ಫೋಮ್ ಪ್ಲಗ್ ವೇದಿಕೆಗೂ ಆದೀತು, ಆದರೆ ಅದು ಮೇಲಿನ ಶ್ರುತಿಯನ್ನು ಹೆಚ್ಚು ತಿನ್ನುವುದರಿಂದ ನಾದ ಮಂಕಾಗಿ ಕೇಳುತ್ತದೆ. ಸಂಗೀತಗಾರರಿಗೆಂದೇ ಮಾಡಿದ, ಎಲ್ಲ ಶ್ರುತಿಯನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುವ ಪ್ಲಗ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಮೊದಲೆರಡು ಕಾರ್ಯಕ್ರಮ ಕಸಿವಿಸಿಯಾಗುತ್ತದೆ, ಆಮೇಲೆ ಒಗ್ಗುತ್ತದೆ. ಬಯಲಿನಲ್ಲಿ ಸ್ಪೀಕರಿನಿಂದ ದೂರವನ್ನು ಎರಡರಷ್ಟು ಮಾಡಿದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಂದರೆ ನಿಮ್ಮ ಕಿವಿಗೆ ಸಿಗುವ ಸಮಯ ನಾಲ್ಕು ಪಟ್ಟಾಗುತ್ತದೆ. ವೇದಿಕೆ ಕಟ್ಟುವಾಗಲೇ ಸೌಂಡಿನವರ ಹತ್ತಿರ ಮಾತಾಡಿ ನಾಲ್ಕು ಹೆಜ್ಜೆ ಆಚೆ ಜಾಗ ಕೇಳುವುದರಲ್ಲಿ ಸಂಕೋಚ ಬೇಡ. ‘ಅಣ್ಣ, ನನ್ನ ಮಾನಿಟರ್ ಸ್ವಲ್ಪ ಇಳಿಸಿ’ ಎನ್ನುವುದು ಕಲಾವಿದನ ಹಕ್ಕು. ಎಲ್ಲರೂ ‘ನನ್ನದು ಏರಿಸಿ’ ಎನ್ನುವುದರಿಂದಲೇ ವೇದಿಕೆಯ ಸದ್ದು ಕೈಮೀರುವುದು.

ಮನೆಯಲ್ಲಿ ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಮೊಬೈಲಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್‌ಗಳು ಪ್ರಯೋಗಾಲಯದಷ್ಟು ನಿಖರವಲ್ಲ. ಆದರೂ ಒಂದು ಸಲ ವೇದಿಕೆಯ ಮೇಲೆ ಇಟ್ಟು ನೋಡಿ. ಅಂದಾಜಿಗೆ ಅಷ್ಟು ಸಾಕು.

ತಾಳ ಹಾಕಿಕೊಂಡು ನಡಿಗೆ

ನುಡಿಸುವುದೇ ವ್ಯಾಯಾಮವಲ್ಲವೇ ಎಂದು ಕೇಳುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ಸುಮ್ಮನೆ ಕುಳಿತಾಗ ಮೈ ಖರ್ಚು ಮಾಡುವ ಶಕ್ತಿಯನ್ನು ಒಂದು ಎಂದಿಟ್ಟುಕೊಂಡರೆ, ಕುಳಿತು ಡ್ರಮ್ಸ್ ಬಾರಿಸುವಾಗ ಅದು ಸುಮಾರು ನಾಲ್ಕರ ಹತ್ತಿರ, ನಿಂತು ಗಿಟಾರ್ ನುಡಿಸುವಾಗ ಮೂರು, ವಾದ್ಯ ನುಡಿಸುತ್ತಾ ಮೆರವಣಿಗೆಯಲ್ಲಿ ಬಿರುಸಾಗಿ ನಡೆಯುವಾಗ ಐದೂವರೆ. ಮೂರು ಮುಟ್ಟಿದರೆ ಮಾತ್ರ ಅದು ಮಧ್ಯಮ ವ್ಯಾಯಾಮ. ಆದ್ದರಿಂದ ತೇರಿನ ಮುಂದೆ ತಮಟೆ ಹೊಡೆಯುತ್ತಾ ಊರು ಸುತ್ತುವವರಿಗೆ ಅಂದಿನ ವ್ಯಾಯಾಮ ಆದಂತೆಯೇ. ಕೀಬೋರ್ಡಿನವರಿಗೆ, ಹಾರ್ಮೋನಿಯಂನವರಿಗೆ ಆಗುವುದಿಲ್ಲ. ಅವರು ಕಚೇರಿಯಲ್ಲೂ ಕೂರುತ್ತಾರೆ, ಬಸ್ಸಿನಲ್ಲೂ ಕೂರುತ್ತಾರೆ, ಕಾರ್ಯಕ್ರಮದಲ್ಲೂ ಕೂರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಗೊಳಿಸುವ ಕಸರತ್ತು. ಹತ್ತು ನಿಮಿಷವೋ ಹದಿನೈದು ನಿಮಿಷವೋ ತುಂಡು ತುಂಡಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ.

ಸಂಗೀತದವರಿಗೆ ಇದಕ್ಕೆ ಒಂದು ಒಳ್ಳೆಯ ದಾರಿಯಿದೆ. ನಿಮಿಷಕ್ಕೆ ನೂರು ಹೆಜ್ಜೆ ಹಾಕಿದರೆ ಅದು ಮಧ್ಯಮ ವೇಗದ ನಡಿಗೆ. ನಿಮ್ಮ ಮೊಬೈಲಿನಲ್ಲಿ ಮೆಟ್ರೊನೋಮ್ ಆ್ಯಪ್ ಹೇಗೂ ಇರುತ್ತದೆ. ನೂರಕ್ಕೆ ಇಟ್ಟು, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿ, ರಸ್ತೆಯ ಸದ್ದು ಇನ್ನೊಂದು ಕಿವಿಗೆ ಬೀಳುವಂತೆ ಬಿಟ್ಟು ನಡೆಯಿರಿ. ಪ್ರತಿ ಎಂಟು ಹೆಜ್ಜೆಗೆ ಆದಿತಾಳದ ಒಂದು ಆವರ್ತ. ಬಾಯಲ್ಲಿ ಸೊಲ್ಲುಕಟ್ಟು ಹೇಳಿಕೊಳ್ಳುತ್ತಾ ಹೋದರೆ ಲಯದ ಅಭ್ಯಾಸವೂ ಆಯಿತು. ಇನ್ನೊಂದು ಪರೀಕ್ಷೆಯೂ ಇಲ್ಲೇ ಸಿಗುತ್ತದೆ: ‘ತಕಧಿಮಿ’ ಹೇಳಲು ಉಸಿರು ಸಾಕಾಗಿ, ರಾಗವಾಗಿ ಹಾಡಲು ಸಾಲದಿದ್ದರೆ ವೇಗ ಸರಿಯಾಗಿದೆ. ಆರಾಮಾಗಿ ಹಾಡಬಲ್ಲಿರಾದರೆ ನಡಿಗೆ ನಿಧಾನವಾಯಿತು. ನಾಲ್ಕು ಅಕ್ಷರ ಹೇಳಲೂ ಆಗದಿದ್ದರೆ ಸ್ವಲ್ಪ ತಗ್ಗಿಸಿ.

ನಡೆಯಲು ಜಾಗಕ್ಕೆ ಹೊಸೂರಿನಲ್ಲಿ ಕೊರತೆಯಿಲ್ಲ, ಬೆಳಗಿನ ತಂಪೂ ಇದೆ. ಚಂದ್ರಚೂಡೇಶ್ವರನ ಬೆಟ್ಟಕ್ಕೆ ಗಾಡಿ ಹೋಗುವ ದಾರಿಯಿದ್ದರೂ ಮೆಟ್ಟಿಲು ಹತ್ತಿ ಹೋಗುವುದನ್ನು ವಾರಕ್ಕೊಮ್ಮೆ ರೂಢಿ ಮಾಡಿಕೊಳ್ಳಿ. ತೊಡೆ, ಮೀನಖಂಡಗಳಿಗೆ ಅದಕ್ಕಿಂತ ಒಳ್ಳೆಯ ಕಸರತ್ತು ಯಾವ ಜಿಮ್ಮಿನಲ್ಲೂ ಇಲ್ಲ. ಮೂರು ಗಂಟೆ ನಿಂತು ನುಡಿಸುವವರಿಗೆ ಬೇಕಾದ್ದೂ ಅದೇ. ಮಂಡಿ ನೋವಿದ್ದವರು ಇಳಿಯುವಾಗ ಗಾಡಿಯಲ್ಲೇ ಇಳಿಯಲಿ. ಮಂಡಿಗೆ ಪೆಟ್ಟು ಹೆಚ್ಚಾಗಿ ಬೀಳುವುದು ಇಳಿಯುವಾಗ.

ಬಲದ ಕಸರತ್ತಿಗೆ ಜಿಮ್ ಇದ್ದರೆ ಸರಿ, ಇಲ್ಲದಿದ್ದರೆ ಮನೆಯೇ ಸಾಕು. ಬೈಠಕ್, ಗೋಡೆಗೆ ಕೈಯೂರಿ ದಂಡ, ನೀರು ತುಂಬಿದ ಬಿಂದಿಗೆಯನ್ನು ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಎತ್ತಿ ಇಡುವುದು, ಮೊಣಕೈ ಊರಿ ಹಲಗೆಯಂತೆ ನೆಟ್ಟಗೆ ಮಲಗುವ ಪ್ಲ್ಯಾಂಕ್. ಸ್ಪೀಕರ್ ಪೆಟ್ಟಿಗೆ, ಕೀಬೋರ್ಡ್ ಕೇಸ್ ಹೊತ್ತು ಹೊತ್ತೇ ನಮ್ಮ ಹುಡುಗರ ಬೆನ್ನು ಹೋಗುವುದು, ನುಡಿಸಿ ಅಲ್ಲ. ಎತ್ತುವ ಕ್ರಮ ಕಲಿತರೆ ಅರ್ಧ ತೊಂದರೆ ತಪ್ಪುತ್ತದೆ. ದಿನ ಆರಿಸುವಾಗ ಒಂದು ಎಚ್ಚರ ಇರಲಿ. ಹೊಸ ಕಸರತ್ತಿನ ಮೈಕೈ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗುತ್ತದೆ. ಶನಿವಾರ ಕಾರ್ಯಕ್ರಮವಿದ್ದರೆ ಸೋಮವಾರ, ಬುಧವಾರ ಮಾಡಿ ಮುಗಿಸಿ. ಶುಕ್ರವಾರ ಡಂಬೆಲ್ ಹಿಡಿದು ಶನಿವಾರ ತಬಲಕ್ಕೆ ಕೂರಬೇಡಿ, ಹಿಡಿತ ಬಿಗಿದ ಮುಂಗೈ ನಿಮ್ಮ ಮಾತು ಕೇಳುವುದಿಲ್ಲ.

ಬೆರಳು, ಮಣಿಕಟ್ಟು, ಭುಜ

ಹಗಲೆಲ್ಲ ಮೌಸ್ ಹಿಡಿದವರು, ಅಸೆಂಬ್ಲಿ ಲೈನಿನಲ್ಲಿ ಸಣ್ಣ ಬಿಡಿಭಾಗ ಕೂಡಿಸಿದವರು ಸಂಜೆ ಅದೇ ಸ್ನಾಯುರಜ್ಜುಗಳಿಂದಲೇ ನುಡಿಸುತ್ತಾರೆ. ಹೆಬ್ಬೆರಳಿನ ಬುಡದ ನೋವು, ಬೆರಳು ಮಡಿಸಿ ಬಿಡಿಸುವಾಗ ‘ಟಕ್’ ಎಂದು ಸಿಕ್ಕಿಕೊಳ್ಳುವುದು, ರಾತ್ರಿ ಅಂಗೈ ಜೋಮು ಹಿಡಿದು ಎಚ್ಚರವಾಗುವುದು, ಇವು ಮೂರೂ ತಾನಾಗಿ ಹೋಗಲಿ ಎಂದು ಬಿಡುವಂಥವಲ್ಲ. ಎರಡು ವಾರ ವಿಶ್ರಾಂತಿ ಕೊಟ್ಟೂ ಉಳಿದರೆ ಮೂಳೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ. ಎಣ್ಣೆ ತಿಕ್ಕಿ ಬಲವಂತವಾಗಿ ನೀವಿಸಿಕೊಂಡು ಮರುದಿನವೇ ನುಡಿಸುವುದು ನೋವನ್ನು ಬೆಳೆಸುವ ದಾರಿ.

ಕೈ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ತಿಂಗಳುಗಟ್ಟಲೆ ವಾದ್ಯ ಮುಟ್ಟದೆ, ಹಬ್ಬ ಹತ್ತಿರ ಬಂದಾಗ ಒಂದೇ ವಾರದಲ್ಲಿ ದಿನಕ್ಕೆ ನಾಲ್ಕು ಗಂಟೆ ಕೂರುವುದು. ವರ್ಷ ಪೂರ್ತಿ ದಿನಕ್ಕೆ ಅರ್ಧ ಗಂಟೆ ಇದಕ್ಕಿಂತ ಎಷ್ಟೋ ಮೇಲು. ಇಪ್ಪತ್ತೈದು ನಿಮಿಷ ನುಡಿಸಿದರೆ ಐದು ನಿಮಿಷ ಕೈ ಬಿಡಿ. ಶುರುವಿಗೆ ಐದು ನಿಮಿಷ ವಿಳಂಬದಲ್ಲಿ ನುಡಿಸಿ. ಡಿಸೆಂಬರ್, ಜನವರಿಯ ಹೊಸೂರಿನ ಚಳಿಯಲ್ಲಿ ಭಜನೆಗೆ ಹೋಗುವವರು ಕೈ ಬಿಸಿ ನೀರಿನಲ್ಲಿ ಅದ್ದಿಕೊಂಡೇ ಹೊರಡಲಿ.

ಕೂರುವ, ನಿಲ್ಲುವ ಭಂಗಿ ಸರಿಪಡಿಸಲು ದುಡ್ಡು ಬೇಕಿಲ್ಲ. ಕೀಬೋರ್ಡ್ ಸ್ಟ್ಯಾಂಡ್ ಮೊಣಕೈ ಎತ್ತರಕ್ಕೆ ಬರಲಿ, ಮಣಿಕಟ್ಟು ಮೇಲಕ್ಕೆ ಬಾಗದಿರಲಿ. ಗಿಟಾರ್ ಪಟ್ಟಿ ಸೊಂಟದ ಕೆಳಗೆ ಇಳಿಬಿಟ್ಟರೆ ನೋಡಲು ಚೆನ್ನ, ಎಡಗೈ ಮಣಿಕಟ್ಟು ಮಾತ್ರ ಮುರಿದಂತೆ ಬಾಗುತ್ತದೆ. ಕುಳಿತು ನುಡಿಸುವಾಗ ಗಿಟಾರ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವಂತೆ ಪಟ್ಟಿ ಬಿಗಿ ಮಾಡಿ. ಹಾರ್ಮೋನಿಯಂನವರು ತಿದಿ ಒತ್ತುವ ಕೈಯ ಕಡೆಗೆ ಮೈ ತಿರುಚಿ ಕೂರುತ್ತಾರೆ. ಅಂಡಿನ ಕೆಳಗೆ ಮಡಚಿದ ಜಮಖಾನೆ ಇಟ್ಟು ಸೊಂಟ ಮಂಡಿಗಿಂತ ಎತ್ತರವಾಗುವಂತೆ ಕೂತರೆ ಬೆನ್ನು ತಾನೇ ನೆಟ್ಟಗಾಗುತ್ತದೆ.

ಹಾಡುವವರಿಗೆ ಒಂದೆರಡು ಮಾತು. ಹಗಲೆಲ್ಲ ಫೋನಿನಲ್ಲಿ ಮಾತಾಡುವ ಕೆಲಸದವರ ಗಂಟಲು ಸಂಜೆಗೆ ಆಗಲೇ ದಣಿದಿರುತ್ತದೆ. ಎಸಿ ಕೋಣೆಯ ಒಣ ಗಾಳಿಗೆ ನೀರು ಆಗಾಗ ಕುಡಿಯುತ್ತಿರಬೇಕು. ಕಾರ್ಯಕ್ರಮ ಮುಗಿಸಿ ನಡುರಾತ್ರಿ ಬಿರಿಯಾನಿ ತಿಂದು ತಕ್ಷಣ ಮಲಗಿದರೆ ಹೊಟ್ಟೆಯ ಆಮ್ಲ ಗಂಟಲಿಗೆ ಏರಿ ಬೆಳಿಗ್ಗೆ ದನಿ ಒಡೆಯುತ್ತದೆ. ಸಂಜೆ ಐದರ ಹೊತ್ತಿಗೇ ಊಟದಂಥ ಊಟ ಮುಗಿಸಿ, ರಾತ್ರಿ ಮಜ್ಜಿಗೆಯೋ ಬಾಳೆಹಣ್ಣೋ ಸಾಕು ಮಾಡಿ. ರಾಗಿ ಬೆಳೆಯುವ ಸೀಮೆ ನಮ್ಮದು. ಸಂಜೆ ಮುದ್ದೆ ಉಂಡು ವೇದಿಕೆ ಏರಿದವರಿಗೆ ನಡುವೆ ಹಸಿವು ಕಾಡುವುದಿಲ್ಲ. ಮೂರು ವಾರ ಕಳೆದರೂ ದನಿ ಒಡಕು ಹೋಗದಿದ್ದರೆ ಕಷಾಯ ನಿಲ್ಲಿಸಿ ಇಎನ್‌ಟಿ ವೈದ್ಯರ ಹತ್ತಿರ ಹೋಗಿ.

ಪಾಳಿ, ನಿದ್ದೆ, ರಸ್ತೆ

ಫಸ್ಟ್ ಶಿಫ್ಟಿನ ವಾರ ಸಂಗೀತಕ್ಕೆ ಒಳ್ಳೆಯ ವಾರ. ಮಧ್ಯಾಹ್ನ ಬಂದು ಅರ್ಧ ಗಂಟೆ ಮಲಗಿ, ಸಂಜೆ ನಡಿಗೆ, ಆಮೇಲೆ ಅಭ್ಯಾಸ. ಸೆಕೆಂಡ್ ಶಿಫ್ಟಿನ ವಾರ ಎರಡನ್ನೂ ಬೆಳಿಗ್ಗೆ ಹನ್ನೊಂದರೊಳಗೆ ಮುಗಿಸಬೇಕು. ನೈಟ್ ಶಿಫ್ಟಿನ ವಾರ ಕಾರ್ಯಕ್ರಮ ಒಪ್ಪಿಕೊಳ್ಳಲೇಬೇಡಿ. ಇದನ್ನು ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ. ವಯಸ್ಕ ಮೈಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕು. ರಾತ್ರಿ ಮಷಿನ್ ಮುಂದೆ, ಹಗಲು ರಿಹರ್ಸಲ್, ಸಂಜೆ ವೇದಿಕೆ ಎಂದು ಓಡಿದವರ ಕೈ ಮಷಿನ್ನಿಗೆ ಸಿಗುವುದು ಇಂಥ ದಿನಗಳಲ್ಲೇ. ಪಾಳಿಯ ಪಟ್ಟಿ ಕೈಗೆ ಬಂದ ದಿನವೇ ತಂಡದ ವಾಟ್ಸಾಪ್ ಗುಂಪಿಗೆ ಹಾಕಿಬಿಡಿ, ನಿಮ್ಮ ಬದಲಿಗೆ ನುಡಿಸುವವರನ್ನು ಹುಡುಕಲು ಅವರಿಗೂ ಸಮಯ ಸಿಗುತ್ತದೆ.

ಆನೇಕಲ್ಲೋ ಚಂದಾಪುರವೋ ಕಾರ್ಯಕ್ರಮ ಮುಗಿಸಿ ರಾತ್ರಿ ಒಂದು ಗಂಟೆಗೆ ಬೈಕಿನಲ್ಲಿ ಹೆದ್ದಾರಿ ಹಿಡಿಯುವವರನ್ನು ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಲಾರಿಗಳ ಸಾಲು, ಬೆನ್ನಿಗೆ ಗಿಟಾರ್, ಕಣ್ಣಲ್ಲಿ ನಿದ್ದೆ. ಸಂಭಾವನೆ ಮಾತಾಡುವಾಗಲೇ ಎಲ್ಲರೂ ಒಟ್ಟಿಗೆ ಬರಲು ಗಾಡಿಯ ಬಾಡಿಗೆಯನ್ನೂ ಸೇರಿಸಿ ಕೇಳಿ. ಅದಾಗದಿದ್ದರೆ ಅಲ್ಲೇ ಮಲಗಿದ್ದು ಬೆಳಗಿನ ಬಸ್ಸಿಗೆ ಬನ್ನಿ.

ನೆರೆಯವರ ನಿದ್ದೆಯನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನಕ್ಕೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ನಡುರಾತ್ರಿ ಹನ್ನೆರಡರವರೆಗೆ ವಿನಾಯಿತಿ ಕೊಡಬಹುದು. ಆದರೆ ಆಲಸನತ್ತಂನಂಥ ಕಡೆ ಬೆಳಿಗ್ಗೆ ಹತ್ತಕ್ಕೂ ಪಕ್ಕದ ಮನೆಯಲ್ಲಿ ಯಾರೋ ನೈಟ್ ಶಿಫ್ಟ್ ಮುಗಿಸಿ ಮಲಗಿರುತ್ತಾರೆ. ಪ್ಯಾಡಿಗೆ ಹೆಡ್‌ಫೋನ್, ತಬಲಕ್ಕೆ ಮೇಲೊಂದು ದಪ್ಪ ಬಟ್ಟೆ, ಮತ್ತು ‘ಅಕ್ಕಾ, ಎಷ್ಟು ಹೊತ್ತಿಗೆ ಏಳ್ತೀರಿ?’ ಎಂಬ ಒಂದು ಮಾತು ಇದ್ದರೆ ವರ್ಷಗಟ್ಟಲೆ ಜಗಳವಿಲ್ಲದೆ ಅಭ್ಯಾಸ ಸಾಗುತ್ತದೆ.

ಕಚೇರಿಗೆ ತಿಳಿಸಿಯೇ ನುಡಿಸಿ

ಕದ್ದು ನುಡಿಸುವುದಕ್ಕಿಂತ ಹೇಳಿ ನುಡಿಸುವುದು ಲೇಸು. ಖಾಸಗಿ ಕಂಪನಿಗಳ ನೇಮಕಾತಿ ಪತ್ರದಲ್ಲಿ ‘ಬೇರೆ ಸಂಬಳದ ಕೆಲಸ ಮಾಡುವಂತಿಲ್ಲ’ ಎಂಬ ಸಾಲು ಸಾಮಾನ್ಯ. ನಿಮ್ಮ ಪತ್ರ ತೆಗೆದು ಓದಿ. ಆ ಸಾಲು ಇದ್ದು ನೀವು ಸಂಭಾವನೆ ಪಡೆಯುತ್ತೀರಾದರೆ, ರಜಾದಿನಗಳಲ್ಲಿ ಸಂಗೀತ ಕಾರ್ಯಕ್ರಮ ಕೊಡಲು ಅನುಮತಿ ಕೋರಿ ಎಚ್‌ಆರ್ ವಿಭಾಗಕ್ಕೆ ಇಮೇಲ್ ಬರೆದು ಉತ್ತರವನ್ನು ಉಳಿಸಿಕೊಳ್ಳಿ. ಕೇಂದ್ರ ಸರ್ಕಾರಿ ನೌಕರರಿಗೆ 1964ರ ನಡತೆ ನಿಯಮಗಳ 15ನೇ ನಿಯಮವು, ಕರ್ತವ್ಯಕ್ಕೆ ಅಡ್ಡಿಯಾಗದಂತೆ ಆಗೊಮ್ಮೆ ಈಗೊಮ್ಮೆ ಸಾಹಿತ್ಯ, ಕಲೆಯ ಕೆಲಸ ಮಾಡಲು ಅವಕಾಶ ಕೊಟ್ಟಿದೆ. ರಾಜ್ಯ ನೌಕರರು, ಬ್ಯಾಂಕಿನವರು ತಮ್ಮ ತಮ್ಮ ನಿಯಮ ನೋಡಿಕೊಳ್ಳಬೇಕು.

ಕಾರ್ಯಕ್ರಮದ ಮರುದಿನಕ್ಕೆ ಸುಳ್ಳು ಜ್ವರದ ರಜೆ ಹಾಕಬೇಡಿ. ಇವತ್ತು ಎಲ್ಲ ಕಾರ್ಯಕ್ರಮವೂ ಯಾರದೋ ಮೊಬೈಲಿನಲ್ಲಿ ಇರುತ್ತದೆ. ಹಬ್ಬದ ತಿಂಗಳಿಗೆ ಬೇಕಾದ ರಜೆಯನ್ನು ಆರು ವಾರ ಮೊದಲೇ ಕೇಳಿ, ಬದಲಿಗೆ ಬೇರೆಯವರ ಹಬ್ಬದಂದು ನೀವು ಪಾಳಿಗೆ ನಿಲ್ಲಿ. ಕ್ರಿಸ್‌ಮಸ್‌ಗೋ ರಂಜಾನ್‌ಗೋ ಸಹೋದ್ಯೋಗಿಯ ಪಾಳಿ ವಹಿಸಿಕೊಂಡವರಿಗೆ ಗಣೇಶನ ವಾರ ರಜೆ ಸುಲಭವಾಗಿ ಸಿಗುತ್ತದೆ.

ಕೊನೆಯದಾಗಿ ಕಾರ್ಖಾನೆಯಲ್ಲಿ ದುಡಿಯುವ ಸಂಗೀತಗಾರರಲ್ಲಿ ಒಂದು ವಿನಂತಿ. ಸದ್ದಿನಿಂದ ಬರುವ ಕಿವುಡು ನಮ್ಮ ಕಾನೂನಿನಲ್ಲಿ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಸದ್ದಿನ ವಿಭಾಗದಲ್ಲಿದ್ದೀರಾದರೆ ವಾರ್ಷಿಕ ವೈದ್ಯಕೀಯ ತಪಾಸಣೆಯಲ್ಲಿ ಆಡಿಯೊಮೆಟ್ರಿ, ಅಂದರೆ ಕೇಳಿಸುವಿಕೆಯ ಪರೀಕ್ಷೆ, ಮಾಡಿಸಲು ಕೇಳಿ. ಅದರ ಪ್ರತಿಯನ್ನು ತೆಗೆದುಕೊಂಡು ಮನೆಯಲ್ಲಿಡಿ, ಮುಂದಿನ ವರ್ಷದ ಪ್ರತಿಯ ಜೊತೆ ಹೋಲಿಸಿ ನೋಡಿ. ಕಚೇರಿ ಕೆಲಸದವರು ಇಎನ್‌ಟಿ ವೈದ್ಯರ ಬಳಿ ಇದೇ ಪರೀಕ್ಷೆಯನ್ನು ಒಮ್ಮೆ ಮಾಡಿಸಿಟ್ಟುಕೊಳ್ಳಿ. ಕಾರ್ಯಕ್ರಮದ ನಂತರ ಕಿವಿಯ ಕುಂಯ್‌ಗುಟ್ಟುವಿಕೆ ಒಂದು ದಿನ ಕಳೆದರೂ ನಿಲ್ಲದಿದ್ದರೆ ತಡ ಮಾಡದೆ ತೋರಿಸಿ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಂತಾದರಂತೂ ಅದೇ ದಿನ ಆಸ್ಪತ್ರೆಗೆ ಹೋಗಿ. ಮೊದಲ ಕೆಲವು ದಿನಗಳಲ್ಲಿ ಸಿಕ್ಕ ಚಿಕಿತ್ಸೆಗೆ ಇರುವ ಗುಣ ಆಮೇಲಿನದಕ್ಕೆ ಇರುವುದಿಲ್ಲ.